ಎಲ್ವಿಯೊ ನಾಯಿಮರಿಯ ಹಗ್ಗ ಬಿಚ್ಚಿದ್ದು

ಬೆಳಿಗ್ಗೆ ನಾನು ಬ್ರೆಡ್ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಎಲ್ವಿಯೊ ಬೂಟಿನ ತುಂಬ ಕೆಸರು ಮೆತ್ತಿಕೊಂಡು ಬಂದು ನಿಂತಿರುತ್ತಿದ್ದ. ಎಲ್ಲಿಗೆ ಹೋಗಿದ್ದೆ ಎಂದರೆ ಅಮ್ಮನ ಸಮಾಧಿಗೆ ಎನ್ನುತ್ತಿದ್ದ. ಕಾರನ್ನು ಸ್ಮಶಾನದ ಗೇಟಿನ ಮುಂದೆ ನಿಲ್ಲಿಸಿ, ಹಿಂದಿನ ಗೋಡೆ ಹತ್ತಿ ಕಾಡಿಗೆ ಇಳಿಯುತ್ತಾನೆಂದು ಊರಿಗೆಲ್ಲ ಗೊತ್ತಿತ್ತು. ಅಮ್ಮ ಬದುಕಿದ್ದಾಗ ಅವಳನ್ನು ಇಷ್ಟು ಸಲ ಮಾತಾಡಿಸಿದ್ದರೆ ಇನ್ನೂ ಹತ್ತು ವರ್ಷ ಇರುತ್ತಿದ್ದಳು ಎಂದು ನಾನು ರೇಗಿಸುತ್ತಿದ್ದೆ. ಅವನು ನಗುತ್ತಿರಲಿಲ್ಲ. ಬ್ರೆಡ್ಡು ಕಂಕುಳಲ್ಲಿಟ್ಟುಕೊಂಡು ಹೊರಟುಬಿಡುತ್ತಿದ್ದ.

ನಮ್ಮ ಮೊಂಟೆಫೋಸ್ಕೊ ಊರಿನ ಗಂಡಸರೇ ಹೀಗೆ. ಓಕ್ ಮರದ ಬೇರಿಗೆ ಹತ್ತಿಕೊಂಡು ಮಣ್ಣೊಳಗೆ ಗಡ್ಡೆಯ ಹಾಗೆ ಬೆಳೆಯುವ, ಚಿನ್ನದ ಬೆಲೆಯ ಟ್ರಫಲ್ ಅಣಬೆ ಅವರ ಬುದ್ಧಿ ಕೆಡಿಸಿದೆ. ವಾಸನೆ ಹಿಡಿಯುವುದು ನಾಯಿ, ಕೆದಕಿ ತೆಗೆಯುವುದು ಗಂಡಸು, ಎಲ್ಲಿ ಸಿಕ್ಕಿತೆಂದು ಬಾಯಿ ಬಿಡದಿರುವುದು ಇಬ್ಬರೂ. ಅಪ್ಪ ಮಗನಿಗೆ ಹೇಳುವುದಿಲ್ಲ, ಅಣ್ಣ ತಮ್ಮನಿಗೆ ಹೇಳುವುದಿಲ್ಲ. ಎಲ್ವಿಯೊನ ಅಪ್ಪ ಸಾಯುವ ಗಳಿಗೆಯಲ್ಲಿ ಮಗನನ್ನು ಹತ್ತಿರ ಕರೆದು, "ಗಿರಣಿ ದಾಟಿದ ಮೇಲೆ ಎಡಕ್ಕೆ..." ಎಂದು ಶುರುಮಾಡಿದವನು, ಪಾದ್ರಿ ಒಳಗೆ ಬಂದದ್ದನ್ನು ಕಂಡು ಬಾಯಿ ಮುಚ್ಚಿಕೊಂಡನಂತೆ. ಆ ಬಾಯಿ ಮತ್ತೆ ತೆರೆಯಲಿಲ್ಲ. ಎಲ್ವಿಯೊ ಇದನ್ನು ಹೇಳುವಾಗ ಅವನ ಮುಖದಲ್ಲಿ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಿರುತ್ತಿತ್ತು.

ಅವನು ಹೆಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಮದುವೆಯಾಗಲಿಲ್ಲ. ಮನುಷ್ಯರ ಜೊತೆ ಎಷ್ಟು ಬೇಕೋ ಅಷ್ಟೇ ಮಾತು, ನಾಯಿಯ ಜೊತೆ ಮಾತ್ರ ದಿನವಿಡೀ ಹರಟೆ. ತೀನಾ ಎಂಬ ಮುದಿ ನಾಯಿ ಇತ್ತು. ಕಾಡಿನಲ್ಲಿ ಯಾರೋ ವಿಷ ಇಟ್ಟರು. ಯಾರು ಎಂದು ಕೇಳಬೇಡಿ. ಒಬ್ಬನ ನಾಯಿ ಚೆನ್ನಾಗಿ ಹುಡುಕುತ್ತದೆ ಎಂದಾದರೆ ಇನ್ನೊಬ್ಬನ ಹೊಟ್ಟೆ ಉರಿಯುತ್ತದೆ, ಆಮೇಲೆ ಒಂದು ದಿನ ಪೊದೆಯ ಕೆಳಗೆ ಮಾಂಸದುಂಡೆ ಬಿದ್ದಿರುತ್ತದೆ. ತೀನಾಳ ಬಾಯಿಗೆ ಎಲ್ವಿಯೊ ತಂತಿಯ ಕುಕ್ಕೆ ಹಾಕಿಯೇ ಕರೆದೊಯ್ಯುತ್ತಿದ್ದ. ಆ ಪಾಪಿ ವಿಷವನ್ನು ಕೊಬ್ಬಿನಲ್ಲಿ ಕಲೆಸಿ ಕಲ್ಲಿಗೆ ಬಳಿದಿದ್ದ. ಕುಕ್ಕೆಯ ಸಂದಿಯಿಂದಲೇ ನಾಯಿ ನೆಕ್ಕಿತು. ಸತ್ತ ನಾಯಿಯನ್ನು ಹೊತ್ತುಕೊಂಡು ಅವನು ಊರ ಚೌಕದ ಮಧ್ಯೆಯೇ ಬಂದ. ಆವತ್ತೊಂದು ದಿನ ಮಾತ್ರ ಯಾವ ದಾರಿಯಿಂದ ಬಂದನೆಂದು ಊರವರೆಲ್ಲ ನೋಡಿದರು.

ಅದಾದ ಮೇಲೆ ಅವನು ಕಾಫಿ ಅಂಗಡಿಗೆ ಹೋಗುವುದನ್ನು ಬಿಟ್ಟ. ಅಲ್ಲಿ ಗಾಸ್ಪರೆ ಕೂತಿರುತ್ತಾನೆ. ಗಾಸ್ಪರೆಗೆ ಎರಡು ನಾಯಿ, ದೊಡ್ಡ ಬಾಯಿ. ಅವನೇ ವಿಷ ಇಟ್ಟ ಎಂದು ಎಲ್ವಿಯೊನ ಗುಮಾನಿ. ನನ್ನನ್ನು ಕೇಳಿದರೆ, ಗಾಸ್ಪರೆಗೆ ಇಷ್ಟು ದೊಡ್ಡ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಯೋಗ್ಯತೆ ಇಲ್ಲ. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಮುಂದಿನ ಚಳಿಗಾಲದಲ್ಲಿ ಎಲ್ವಿಯೊ ನೋಚೆಯನ್ನು ತಂದ. ಗುಂಗುರು ಕೂದಲಿನ ಕಂದು ಮರಿ, ಕೋಟಿನ ಜೇಬಿನಲ್ಲಿ ಹಿಡಿಸುವಷ್ಟಿತ್ತು. ಮರಿ ಬೆಳೆಯಿತು, ಮೂಗು ಚುರುಕಾಯಿತು, ಹಿತ್ತಲಲ್ಲಿ ಹೂತಿಟ್ಟ ಟ್ರಫಲ್ ಗಡ್ಡೆಗಳನ್ನು ಒಂದೂ ಬಿಡದೆ ಕೆದಕಿ ತೆಗೆಯಿತು. ಆದರೆ ಕಾಡಿಗೆ ಹೋದರೆ ಹಗ್ಗ ಬಿಚ್ಚಲು ಎಲ್ವಿಯೊಗೆ ಧೈರ್ಯವಿಲ್ಲ. ಹಗ್ಗ ಹಾಕಿಕೊಂಡು ಟ್ರಫಲ್ ಹುಡುಕಲಾಗುವುದಿಲ್ಲ. ನಾಯಿ ಗಾಳಿಯ ಹಿಂದೆ ಓಡಬೇಕು, ಮುಳ್ಳಿನ ಕೆಳಗೆ ನುಗ್ಗಬೇಕು. ಇವರಿಬ್ಬರೂ ಒಂದೊಂದು ಪೊದೆಗೂ ಸಿಕ್ಕಿಹಾಕಿಕೊಂಡು, ಮೈಕೈ ಗೀರಿಸಿಕೊಂಡು, ಬರಿಗೈಯಲ್ಲಿ ವಾಪಸು ಬರುತ್ತಿದ್ದರು. ಎಲ್ವಿಯೊ ನಾಯಿಯನ್ನು ಕರೆದೊಯ್ಯುತ್ತಿದ್ದಾನೋ ನಾಯಿ ಅವನನ್ನು ಜೈಲಿಗೆ ಕರೆದೊಯ್ಯುತ್ತಿದೆಯೋ ಎಂದು ಗಾಸ್ಪರೆ ಆಡಿಕೊಂಡ.

ಆಗಲೇ ಎಲ್ವಿಯೊ ತನ್ನದೊಂದು ಪಾಠ ಶುರುಮಾಡಿದ್ದು. ನೆಲದ ಮೇಲೆ ಬಿದ್ದದ್ದು ಏನೇ ಇರಲಿ, ಯಾರೇ ಕೊಡಲಿ, ನೋಚೆ ಮುಟ್ಟಬಾರದು. ಅವನು ಒಂದು ಮಾತು ಹೇಳಬೇಕು. ಆ ಮಾತು ಕಿವಿಗೆ ಬಿದ್ದರೆ ಮಾತ್ರ ಬಾಯಿ ಹಾಕಬೇಕು. ಅಡಿಗೆಮನೆಯಲ್ಲಿ ಕೋಳಿ ತುಂಡಿನಿಂದ ಆರಂಭಿಸಿ, ನನ್ನ ಅಂಗಡಿಯ ಮೆಟ್ಟಿಲಿಗೆ ಬಂದ, ಅಲ್ಲಿಂದ ಸಂತೆಯ ದಿನ ಹುರಿದ ಹಂದಿಮಾಂಸ ಮಾರುವ ಗಾಡಿಯ ಪಕ್ಕಕ್ಕೆ. ಮೊದಲು ದಪ್ಪ ಹಗ್ಗ, ಆಮೇಲೆ ಸಣ್ಣ ಹುರಿ, ಆಮೇಲೆ ಉಣ್ಣೆಯ ಎಳೆ. ಬೇಕೆಂದರೆ ಬೆಕ್ಕಿನ ಮರಿಯೂ ಹರಿಯಬಹುದಾದ ಎಳೆ. ಅದರ ಇನ್ನೊಂದು ತುದಿಯನ್ನು ಎಲ್ವಿಯೊ ಬೆರಳಿಗೆ ಸುತ್ತಿಕೊಂಡು, ಗಾಳ ಹಾಕಿದವನ ಹಾಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಮರಿಗೆ ಧೈರ್ಯ ಎಂದೋ ಬಂದಿತ್ತು. ಅವನಿಗೆ ಬರಬೇಕಿತ್ತು.

ಕೊನೆಗೆ ಶರತ್ಕಾಲದ ಮೊದಲಲ್ಲಿ ಒಂದು ದಿನ ಅಂಗಡಿಗೆ ಬಂದು, ಮಧ್ಯಾಹ್ನ ತನ್ನ ಜೊತೆ ಕಾಡಿಗೆ ಬರುತ್ತೀಯಾ ಎಂದು ಕೇಳಿದ. ನನಗೆ ನಂಬಿಕೆಯೇ ಬರಲಿಲ್ಲ. ಕಾಡಿಗೆ ಯಾರನ್ನಾದರೂ ಕರೆದೊಯ್ಯುವುದೆಂದರೆ ನಮ್ಮಲ್ಲಿ ನಿಶ್ಚಿತಾರ್ಥಕ್ಕಿಂತ ದೊಡ್ಡದು. ಅವನಿಗೆ ಬೇಕಾದದ್ದು ನನ್ನ ಕೈ ಮಾತ್ರ. ತನ್ನ ಕೈಯ ವಾಸನೆ ಇಲ್ಲದ ಮಾಂಸದುಂಡೆಗಳನ್ನು ಪೊದೆಗಳ ಕೆಳಗೆ ಇಡಲು ಯಾರಾದರೂ ಬೇಕಿತ್ತು. ವಿಷ ಇಲ್ಲದ, ನಾನೇ ಬೆಳ್ಳುಳ್ಳಿ ಹಾಕಿ ಮಾಡಿದ ಒಳ್ಳೆಯ ಉಂಡೆಗಳು. ಇಟ್ಟು ಬಂದೆ. ಅವನು ನೋಚೆಯ ಕೊರಳ ಕೊಕ್ಕೆಗೆ ಕೈ ಹಾಕಿ ಹಾಗೆಯೇ ಕೂತುಬಿಟ್ಟ.

"ನೀನೇ ಬಿಚ್ಚು ಎರ್ಸಿಲಿಯಾ, ನನ್ನ ಕೈಲಾಗಲ್ಲ" ಎಂದ.

"ನಾಯಿ ನಿಂದು, ಹೆದರಿಕೆನೂ ನಿಂದು. ನನ್ನ ಮೇಲೆ ಯಾಕೆ ಹಾಕ್ತೀಯ?"

ಅವನು ಕಣ್ಣು ಮುಚ್ಚಿಕೊಂಡು ಬಿಚ್ಚಿದ. ನೋಚೆ ಬಾಣದ ಹಾಗೆ ಹೋಯಿತು. ಮೊದಲ ಉಂಡೆಯ ಹತ್ತಿರ ಒಂದು ಗಳಿಗೆ ನಿಂತಿತು, ಮೂಗು ತಿರುಗಿಸಿತು, ಮುಂದೆ ಹೋಯಿತು. ಎರಡನೆಯದನ್ನೂ ದಾಟಿತು. ಆಮೇಲೆ ಒಂದು ಓಕ್ ಮರದ ಬುಡದಲ್ಲಿ ಮಣ್ಣು ಹಾರಿಸತೊಡಗಿತು. ಎಲ್ವಿಯೊ ಓಡಿದ. ಎಡವಿ ಬಿದ್ದು ಎದ್ದು ಮತ್ತೆ ಓಡಿದ. ಗಡ್ಡೆ ತೆಗೆದ ಮೇಲೆ ಜೇಬಿನಿಂದ ಬ್ರೆಡ್ಡಿನ ಚೂರು ತೆಗೆದು, ನನಗೆ ಬೆನ್ನು ಹಾಕಿ, ನಾಯಿಯ ಕಿವಿಗೆ ಬಾಯಿ ಹಚ್ಚಿ ಏನೋ ಹೇಳಿದ. ನೋಚೆ ತಿಂದಿತು.

ಏನು ಹೇಳಿದೆ ಎಂದು ಕೇಳಿದೆ.

"ನಿಂಗೆ ಹೇಳಿದ್ರೆ ನಿನ್ನ ಅಂಗಡಿಗೆ ಬರೋರಿಗೆಲ್ಲ ಹೇಳ್ದಂಗೆ. ನಾಳೆ ಗಾಸ್ಪರೆ ಅದೇ ಮಾತು ಹೇಳಿ ವಿಷ ತಿನ್ನಿಸ್ತಾನೆ."

ನನಗೆ ಕೋಪ ಬಂತು. ಉಂಡೆ ಕಟ್ಟಿಕೊಟ್ಟವಳು ನಾನು, ಕೆಸರಲ್ಲಿ ಬಂದವಳು ನಾನು. ಆದರೂ ಆವತ್ತು ಅವನ ಮುಖ ನೋಡಿ ಕೋಪ ಇಳಿಯಿತು. ಅಷ್ಟು ಸಂತೋಷ ಆ ಮುಖದಲ್ಲಿ ಒಟ್ಟಿಗೆ ಶಾಲೆಗೆ ಹೋಗುವಾಗಲೂ ನಾನು ಕಂಡಿರಲಿಲ್ಲ. ಆ ಶರತ್ಕಾಲವೆಲ್ಲ ಹಗ್ಗ ಅವನ ಕೊರಳಲ್ಲೇ ಮಾಲೆಯ ಹಾಗೆ ನೇತಾಡಿತು.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ಅವನು ಬ್ರೆಡ್ಡಿಗೆ ಬರಲಿಲ್ಲ. ಅಂಗಡಿ ಮುಚ್ಚಿ ಅವನ ಮನೆಗೆ ಹೋದೆ. ಅಡಿಗೆಮನೆಯ ನೆಲದಲ್ಲಿ ಬಿದ್ದಿದ್ದ. ಕಣ್ಣು ತೆರೆದಿತ್ತು, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಪಕ್ಕದಲ್ಲಿ ನೋಚೆ ಕೂತಿತ್ತು. ಅದರ ಮುಂದೆ ಬಟ್ಟಲ ತುಂಬ ಅನ್ನ, ಮಾಂಸ. ಬಟ್ಟಲು ಇಟ್ಟಿದ್ದ, ಮಾತು ಹೇಳುವ ಮೊದಲೇ ಬಿದ್ದಿದ್ದ. ರಾತ್ರಿಯಿಂದ ಅದು ಹಾಗೆಯೇ ಕಾದಿತ್ತು.

ಆಂಬುಲೆನ್ಸ್ ಅವನನ್ನು ಕೆಳಗಿನ ಪಟ್ಟಣದ ಆಸ್ಪತ್ರೆಗೆ ಒಯ್ದಿತು, ನಾನು ನೋಚೆಯನ್ನು ಮನೆಗೆ ಕರೆತಂದೆ. ಜೀವಕ್ಕೆ ಅಪಾಯವಿಲ್ಲ, ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದೆ, ಮಾತು ಹೋಗಿದೆ ಎಂದರು ಡಾಕ್ಟರು. ಮಾತು ಹೋಯಿತೆಂದರೆ ಪೂರ್ತಿ ಹೋಗಲಿಲ್ಲ. ಒಂದು ಶಬ್ದ ಉಳಿದಿತ್ತು. ನೀರು ಬೇಕಾ ಎಂದರೆ "ನಾಳೆ" ಎನ್ನುತ್ತಿದ್ದ. ನೋವಿದೆಯಾ ಎಂದರೆ "ನಾಳೆ". ಇದೇ ಆ ಗುಟ್ಟಿನ ಮಾತಿರಬೇಕೆಂದು ನಾನು ಬಸ್ಸು ಹತ್ತಿ ಮನೆಗೆ ಓಡಿ ಬಂದು, ನೋಚೆಯ ಕಿವಿಯಲ್ಲಿ ನಾಳೆ ನಾಳೆ ಎಂದೆ. ಅದು ನನ್ನನ್ನು ಮರ್ಯಾದೆಯಿಂದ ನೋಡಿತು, ಅಷ್ಟೆ.

ನೀರು ಕುಡಿಯುತ್ತಿತ್ತು. ಆಹಾರ ಮುಟ್ಟುತ್ತಿರಲಿಲ್ಲ. ಹಸಿವಾದರೆ ತಾನೇ ತಿನ್ನುತ್ತೆ ಎಂದ ಪಶುವೈದ್ಯ. ಎಲ್ವಿಯೊನ ಕೋಟು ತೊಟ್ಟು ಕೊಟ್ಟೆ, ಅವನ ಹಾಗೆ ದಪ್ಪ ದನಿಯಲ್ಲಿ ಗದರಿಸಿದೆ. ಸುದ್ದಿ ಹರಡಿ ಅಂಗಡಿ ಜಾತ್ರೆಯಾಯಿತು. ಬ್ರೆಡ್ಡಿಗೆ ಬಂದವರೆಲ್ಲ ಒಂದೊಂದು ಮಾತು ಹೇಳಿ ಹೋದರು. ಸಂತರ ಹೆಸರು, ಅವನ ಅಮ್ಮನ ಹೆಸರು, ಫುಟ್‌ಬಾಲ್ ತಂಡದ ಹೆಸರು, ಪಾದ್ರಿಯ ಎದುರು ಹೇಳಬಾರದ ಬೈಗುಳಗಳು. ಪಾದ್ರಿ ಲ್ಯಾಟಿನ್ ಪ್ರಾರ್ಥನೆ ಹೇಳಿದರು. ನೋಚೆ ಎಲ್ಲರ ಮುಂದೆಯೂ ಜೊಲ್ಲು ಸುರಿಸುತ್ತ, ನಡುಗುತ್ತ, ಕದಲದೆ ಕೂತಿರುತ್ತಿತ್ತು. ಮೊದಲು ನಗುತ್ತಿದ್ದವರು ಆಮೇಲೆ ನಗುವುದನ್ನು ಬಿಟ್ಟರು. ಅದರ ಪಕ್ಕೆಲುಬು ಕಾಣತೊಡಗಿತು. ಬಾಯಿ ಬಿಡಿಸಿ ತುರುಕಿದರೆ ಉಗುಳಿ, ತಪ್ಪು ಮಾಡಿದವರ ಹಾಗೆ ಮೂಲೆ ಸೇರುತ್ತಿತ್ತು.

ನಾನು ಆಸ್ಪತ್ರೆಯಲ್ಲಿ ಎಲ್ವಿಯೊನ ಮುಂದೆ ಕೂತು ಒಂದೊಂದೇ ಮಾತು ಹೇಳಿ, ಇದಾ, ಇದಾ ಎಂದು ಕೇಳಿದೆ. ಅವನು ಎಲ್ಲದಕ್ಕೂ ಅಲ್ಲವೆಂದು ತಲೆಯಾಡಿಸಿದ. ಎಡಗೈಗೆ ಪೆನ್ನು ಕೊಟ್ಟರೆ ಗೀಟು ಎಳೆದ. ಒಳಗೆ ಎಲ್ಲ ಅರ್ಥವಾಗುತ್ತದೆ, ಹೊರಗೆ ಬರುವುದಿಲ್ಲ ಎಂದರು ಡಾಕ್ಟರು. ಅರ್ಥವಾಗದಿದ್ದರೇ ವಾಸಿಯಿತ್ತು ಎನ್ನಿಸಿತು ನನಗೆ.

ನಾಯಿಯನ್ನೇ ಆಸ್ಪತ್ರೆಗೆ ಕರೆದೊಯ್ಯೋಣ ಎಂದವನು ಗಾಸ್ಪರೆ. ತನ್ನ ಕಾರು ತಂದ, ನೋಚೆಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕಂಬಳಿಯ ಮೇಲೆ ಮಲಗಿಸಿದ. ಅಷ್ಟು ಹೊತ್ತಿಗೆ ಅದಕ್ಕೆ ಮೆಟ್ಟಿಲು ಇಳಿಯುವ ಶಕ್ತಿಯೂ ಇರಲಿಲ್ಲ. ದಾರಿಯಲ್ಲಿ ಗುಂಡಿ ಬಂದಲ್ಲೆಲ್ಲ ಕಾರನ್ನು ನಿಧಾನ ಮಾಡಿದ.

ನರ್ಸಮ್ಮ ಎಲ್ವಿಯೊನನ್ನು ಗಾಲಿಕುರ್ಚಿಯಲ್ಲಿ ಹಿಂದಿನ ಅಂಗಳಕ್ಕೆ ತಂದಳು. ಅವನನ್ನು ಕಂಡದ್ದೇ ನೋಚೆಗೆ ಎಲ್ಲಿಂದ ಬಲ ಬಂತೋ, ಮೈಮೇಲೆ ಹಾರಿತು, ಅವನ ಸೊಟ್ಟ ಬಾಯಿಯನ್ನೆಲ್ಲ ನೆಕ್ಕಿತು. ನಾನು ಬ್ರೆಡ್ಡಿನ ಚೂರನ್ನು ಅವನ ಎಡಗೈಯಲ್ಲಿಟ್ಟೆ. ನೋಚೆ ತಕ್ಷಣ ಕೆಳಗಿಳಿದು, ಕಲಿಸಿದ ಹಾಗೆ, ಅವನ ಮುಂದೆ ನೆಟ್ಟಗೆ ಕೂತಿತು.

ಆಗ ಪಕ್ಕದ ಬೆಂಚಿನ ಮೇಲೆ ಕೂತಿದ್ದ ಗಾಸ್ಪರೆ ಎದ್ದ. "ನಾನು ಗೇಟ್ ಹತ್ರ ಇರ್ತೀನಿ, ಎಲ್ವಿಯೊ. ಅಲ್ಲಿಗೆ ಏನೂ ಕೇಳ್ಸಲ್ಲ" ಎಂದು ಹೇಳಿ, ಹೋಗಿ ನಮಗೆ ಬೆನ್ನು ಹಾಕಿ ನಿಂತ. ಹೇಳಲು ಎಲ್ವಿಯೊನ ಬಾಯಲ್ಲಿ ಏನೂ ಇಲ್ಲವೆಂದು ಗಾಸ್ಪರೆಗೆ ಗೊತ್ತಿತ್ತು. ಆದರೂ ಹೋದ.

ಎಲ್ವಿಯೊ ಬಾಯಿ ತೆರೆದ. ಕುತ್ತಿಗೆಯ ನರ ಉಬ್ಬಿತು. "ನಾಳೆ" ಎಂದ. ನೋಚೆ ಕಿವಿ ಎತ್ತಿ ಕಾಯಿತು. ಅವನು ತಲೆ ಕೊಡವಿ ಮತ್ತೆ ಪ್ರಯತ್ನಿಸಿದ. "ನಾಳೆ. ನಾಳೆ." ಕಣ್ಣಿಂದ ನೀರು ಸುರಿಯಿತು, ತುಟಿ ಯಾವುದೋ ಆಕಾರಕ್ಕೆ ಬರುತ್ತಿತ್ತು, ಬಂದಂತೆ ಜಾರಿಹೋಗುತ್ತಿತ್ತು. ನಾಯಿ ಅವನ ಬಾಯಿಯನ್ನೇ ನೋಡುತ್ತಿತ್ತು. ನಾನೂ ನೋಡುತ್ತಿದ್ದೆ. ಜಗತ್ತಿನಲ್ಲಿ ಇಂಥದ್ದನ್ನು ನೋಡುವ ಗತಿ ಯಾರಿಗೂ ಬರಬಾರದು.

ಅವನ ಬೆರಳಿನಿಂದ ಜಾರಿ ಬ್ರೆಡ್ಡಿನ ಚೂರು ಜಲ್ಲಿಕಲ್ಲಿನ ಮೇಲೆ ಬಿತ್ತು. ನೋಚೆ ಚೂರನ್ನು ನೋಡಿತು, ಅವನನ್ನು ನೋಡಿತು. ಮತ್ತೆ ಚೂರನ್ನು ನೋಡಿತು. ತಲೆ ತಗ್ಗಿಸಿ ತಿಂದುಬಿಟ್ಟಿತು. ನೆಲದಿಂದ, ಯಾರೂ ಏನೂ ಹೇಳದೆ. ನಾನು ಚೀಲದಲ್ಲಿದ್ದುದನ್ನೆಲ್ಲ ಅಲ್ಲೇ ಸುರಿದೆ. ಅದು ಕಲ್ಲು, ಬ್ರೆಡ್ಡು, ಮಾಂಸ ಎನ್ನದೆ ಗಬಗಬ ತಿಂದಿತು. ನರ್ಸಮ್ಮ ಚಪ್ಪಾಳೆ ತಟ್ಟಿದಳು. ನನಗೆ ಅಳು ನಗು ಒಟ್ಟಿಗೆ ಬಂತು. ಬದುಕಿತಲ್ಲೋ ಮಾರಾಯ ಎಂದು ಎಲ್ವಿಯೊನ ಕಡೆಗೆ ತಿರುಗಿದೆ.

ಅವನು ನಗುತ್ತಿರಲಿಲ್ಲ. ಕುರ್ಚಿಯಿಂದ ಬೀಳುವಷ್ಟು ಬಾಗಿ, ಎಡಗೈಯಿಂದ ನೋಚೆಯ ಕೊರಳಪಟ್ಟಿ ಹಿಡಿದು, ಇನ್ನೊಂದು ಕೈ ಎತ್ತಲು ಹೆಣಗುತ್ತಿದ್ದ. ಆ ಕೈ ಮಡಿಲಲ್ಲಿ ಸತ್ತು ಬಿದ್ದಿತ್ತು. ಏನು ಬೇಕು ಎಂದು ನಾನು ಕೇಳಿದೆ, ನರ್ಸಮ್ಮ ಕೇಳಿದಳು. ಅರ್ಥವಾದದ್ದು ಗೇಟಿನಿಂದ ಓಡಿಬಂದ ಗಾಸ್ಪರೆಗೆ. ನೆಲದಲ್ಲಿ ಬಿದ್ದದ್ದನ್ನು ತಿನ್ನಲು ಕಲಿತ ನಾಯಿ ಇನ್ನು ಕಾಡಿನಲ್ಲಿ ಸಿಕ್ಕಿದ್ದನ್ನು ತಿನ್ನುತ್ತದೆ. ಅವನು ನನ್ನ ಕೈಚೀಲದಿಂದ ಹಗ್ಗ ತೆಗೆದು, ಎಲ್ವಿಯೊನ ಬೆರಳುಗಳ ಪಕ್ಕದಲ್ಲೇ ಕೊಕ್ಕೆ ಸಿಕ್ಕಿಸಿದ. ಎಲ್ವಿಯೊ ಅದನ್ನು ಎರಡು ಸಲ ಜಗ್ಗಿ ನೋಡಿದ ಮೇಲೆ ಪಟ್ಟಿ ಬಿಟ್ಟ.

ಈಗ ನೋಚೆ ನನ್ನಲ್ಲಿದೆ. ಯಾರು ಕೊಟ್ಟರೂ ತಿನ್ನುತ್ತದೆ, ಅಂಗಡಿಯ ನೆಲದಲ್ಲಿ ಒಂದು ಚೂರು ಉಳಿಯುವುದಿಲ್ಲ. ಎಲ್ವಿಯೊ ಮನೆಗೆ ಬಂದಿದ್ದಾನೆ, ನಾಲ್ಕಾರು ಮಾತು ಹೊಸದಾಗಿ ಬಂದಿವೆ. ಆ ಗುಟ್ಟಿನ ಮಾತು ಮಾತ್ರ ಬಂದಿಲ್ಲ. ಭಾನುವಾರ ಮಧ್ಯಾಹ್ನ ಗಾಸ್ಪರೆ ನಮ್ಮನ್ನು ಕಾಡಿನ ಅಂಚಿಗೆ ಬಿಡುತ್ತಾನೆ. ಎಲ್ವಿಯೊ ಕಾರಿನಲ್ಲಿ ಕೂತಿರುತ್ತಾನೆ, ನಾನು ನಾಯಿಯನ್ನು ಹಿಡಿದು ನಿಲ್ಲುತ್ತೇನೆ. ಗಾಳಿಯಲ್ಲಿ ವಾಸನೆ ಬಂದರೆ ನೋಚೆ ಕೊರಳು ಬಿಗಿದು ಕೆಮ್ಮುವವರೆಗೂ ಎಳೆಯುತ್ತದೆ, ಮುಂಗಾಲುಗಳಿಂದ ಬರೀ ಗಾಳಿಯನ್ನು ಕೆದಕುತ್ತದೆ. ಹೋದ ವಾರ ನನಗೆ ತಡೆಯಲಾಗಲಿಲ್ಲ. ಕೊಕ್ಕೆಯ ಮೇಲೆ ಹೆಬ್ಬೆರಳಿಟ್ಟು, ಬಿಡಲಾ ಎಂದು ಅವನನ್ನು ಕೇಳಿದೆ.

ಎಲ್ವಿಯೊ ಮರಗಳ ಕಡೆ ನೋಡಿದ. ಆಮೇಲೆ ನನ್ನ ಕಡೆ ನೋಡಿದ, ನೀನೇ ಹೇಳು ಎಂಬಂತೆ. ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು ನೋಚೆಯನ್ನು ಕಾರಿನ ಕಡೆಗೆ ಎಳೆದುಕೊಂಡು ಬಂದೆ.