ದಾದಿಮಾಳ ಬೀಜದ ಗಡಿಗೆ

ಗೋಕಾಕದಲ್ಲಿರುವ ನನ್ನ ಮಗಳ ಮನೆಯಲ್ಲಿ ಹಾಲು ಒಡೆದ ದಿನ ಚಹಾಕ್ಕೆ ಹಾಲಿನ ಪುಡಿ ಹಾಕುತ್ತಾರೆ. ಪೊಟ್ಟಣದ ಮೂಲೆ ಕತ್ತರಿಸಿದ ಕೂಡಲೇ ಅಡುಗೆಮನೆಯಲ್ಲಿ ಒಂದು ವಾಸನೆ ಏಳುತ್ತದೆ. ತುಸು ಸಿಹಿ, ತುಸು ಮುಗ್ಗಲು. ಆಮೇಲೆ ನಾನು ಅಲ್ಲಿರುವುದಿಲ್ಲ, ಮಸಗುಪ್ಪಿಯ ಸರಕಾರಿ ಶಾಲೆಯ ಪಡಸಾಲೆಯಲ್ಲಿ ಹಿತ್ತಾಳೆ ಲೋಟ ಹಿಡಿದು ಸಾಲಿನಲ್ಲಿ ನಿಂತಿರುತ್ತೇನೆ. ನನ್ನೆತ್ತರಕ್ಕಿದ್ದ ರಟ್ಟಿನ ದೊಡ್ಡ ಡಬ್ಬಿಯಿಂದ ಪುಡಿ ತೆಗೆದು, ಹಂಡೆಯ ಬಿಸಿನೀರಿನಲ್ಲಿ ಕದಡಿ ನಮಗೆ ಕೊಡುತ್ತಿದ್ದರು. ಕೊಟ್ಟ ಹಾಲಿಗಿಂತ ಕದ್ದ ಪುಡಿಯೇ ರುಚಿ. ಒಂದು ಹಿಡಿ ಬಾಯಿಗೆ ಹಾಕಿಕೊಂಡರೆ ಅಂಗುಳಕ್ಕೆ ಮೆತ್ತಿಕೊಳ್ಳುತ್ತಿತ್ತು. ಅಷ್ಟರಲ್ಲಿ ಮಾಸ್ತರರು ಮಗ್ಗಿ ಕೇಳಿದರೆ ಬಾಯಿ ಬಿಡಲಾಗದೆ ಪೆಟ್ಟು ತಿನ್ನುತ್ತಿದ್ದೆವು. ನಿಮ್ಮಲ್ಲಿ ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮೇರಿಕಾದಿಂದ ಬರುತ್ತಿದ್ದ ಆ ಡಬ್ಬಿಯ ಮೇಲೆ ಒಂದನ್ನೊಂದು ಹಿಡಿದುಕೊಂಡ ಎರಡು ಕೈಗಳ ಚಿತ್ರವಿತ್ತು. ನನ್ನ ಅಬ್ಬಾನ ತಾಯಿ, ನಾವೆಲ್ಲ ದಾದಿಮಾ ಎನ್ನುತ್ತಿದ್ದವಳು, ಒಮ್ಮೆ ನನ್ನನ್ನು ಕರೆದೊಯ್ಯಲು ಶಾಲೆಗೆ ಬಂದವಳು ಅದನ್ನು ಬಹಳ ಹೊತ್ತು ನೋಡಿದಳು. "ಇದ್ರಾಗ ಕೊಟ್ಟಾಂವನ ಕೈ ಯಾವುದ್ರಿ, ಮಾಸ್ತರ?" ಎಂದು ಕೇಳಿದಳು. "ಎರಡೂ ಒಂದ ಅದಾವ ನೋಡ್ರಿ. ದೋಸ್ತಿ ಅದು, ದೇಶ ದೇಶದ ದೋಸ್ತಿ," ಎಂದರು ಮಾಸ್ತರರು. "ಕೊಡೋ ಕೈ ಯಾವಾಗ್ಲೂ ಮ್ಯಾಲ ಇರತೈತ್ರಿ, ತಗೊಳ್ಳೋ ಕೈ ಕೆಳಗ. ಈ ಚಿತ್ರಾ ಬರದಾಂವ ಎಂದೂ ಮಂದಿ ಮನಿಗೆ ಕಾಳ ಕೇಳಾಕ ಹೋಗಿಲ್ಲ ಬಿಡ್ರಿ," ಎಂದು ಹೇಳಿ ನನ್ನ ಕೈ ಹಿಡಿದುಕೊಂಡು ಹೊರಟುಬಿಟ್ಟಳು. ಮಾಸ್ತರರು ನಕ್ಕರು. ದಾದಿಮಾ ನಗಲಿಲ್ಲ.

ನಮ್ಮದು ಹೊಳೆಗೆ ಹೋಗುವ ದಾರಿಯಲ್ಲಿ ಮಣ್ಣಿನ ಮಾಳಿಗೆಮನೆ. ಒಳಗೆ ಉರ್ದು, ಅಂಗಳದಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಅಬ್ಬಾ ಮಾತು ಕಡಿಮೆಯ ಮನುಷ್ಯ, ಎತ್ತುಗಳ ಜೊತೆ ಮಾತಾಡಿದ ಕಾಲುಭಾಗವನ್ನೂ ನಮ್ಮ ಜೊತೆ ಆಡಿರಲಾರ. ಅವನ ಪಾಲಿನ ಮಾತನ್ನೆಲ್ಲ ಅವನ ತಮ್ಮ, ನಮ್ಮ ಚಾಚಾ, ಆಡುತ್ತಿದ್ದ. ಅಮ್ಮಿ ಒಲೆಯ ಮುಂದೆ, ಮದುವೆಯ ವಯಸ್ಸಿಗೆ ಬಂದಿದ್ದ ಅಬ್ಬಾನ ತಂಗಿ ಜೈನಾಬಿ ಫೂಫಿ ಕನ್ನಡಿಯ ಮುಂದೆ. ಒಳಕೋಣೆಯಲ್ಲಿ ಬೆಳಕಿಂಡಿಯ ಕೆಳಗೆ ದಾದಿಮಾಳ ಬೀಜದ ಗಡಿಗೆ. ಪ್ರತಿವರ್ಷ ರಾಶಿಗೆ ಮುಂಚೆ ಅವಳೇ ಹೊಲ ತಿರುಗಿ ಬಿಳಿಜೋಳದ ತುಂಬಿದ ತೆನೆಗಳನ್ನು ಆರಿಸಿ ತರುತ್ತಿದ್ದಳು. ಕೈಯಿಂದಲೇ ಕಾಳು ಬಿಡಿಸಿ, ಬೂದಿ ಮತ್ತು ಒಣಗಿದ ಬೇವಿನ ಎಲೆ ಬೆರೆಸಿ, ಗಡಿಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿಬಿಟ್ಟರೆ ಮುಗಿಯಿತು. ಬಿತ್ತುವ ಹದ ಬರುವವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಅವಳ ಅತ್ತೆ ಅವಳಿಗೆ ಕೊಟ್ಟ ಬೀಜವಂತೆ ಅದು, ಅತ್ತೆಗೆ ಅವಳ ಅತ್ತೆ ಕೊಟ್ಟದ್ದಂತೆ. ಆ ಕೋಣೆಯ ಕಹಿ ತಂಪು ವಾಸನೆ ನನಗೆ ಇವತ್ತಿಗೂ ಎಷ್ಟು ಇಷ್ಟವೆಂದರೆ, ದಾರಿಯಲ್ಲಿ ಬೇವಿನ ಮರ ಕಂಡರೆ ಒಂದು ಎಲೆ ಕಿತ್ತು ಉಜ್ಜಿ ಮೂಸುತ್ತೇನೆ. ಮಗಳು ಇದಕ್ಕೆ ನಗುತ್ತಾಳೆ.

ನಾನು ಹೇಳುವ ಹೊತ್ತಿಗೆ ಎರಡು ವರ್ಷದಿಂದ ಮಳೆ ಮುಖ ತಿರುಗಿಸಿತ್ತು. ಬಿತ್ತುವ ಹದವೇ ಸಿಗದೆ ಹಿಂದಿನ ವರ್ಷದ ಗಡಿಗೆ ಹಾಗೇ ಮುಚ್ಚಿ ಕೂತಿತ್ತು. ಊರಿನ ರೇಶನ್ ಅಂಗಡಿಗೆ ಕೆಂಪು ಜೋಳ ಬಂತು. ಹಡಗಿನಲ್ಲಿ ಬಂದದ್ದು, ಅಮೇರಿಕಾ ಜೋಳ. ಅದನ್ನು ಬೈಯುವುದು ಸುಲಭ, ಆದರೆ ಉಂಡ ಮನೆಗೆ ಎರಡು ಬಗೆಯುವವಳಲ್ಲ ನಾನು. ಅದು ಬರದಿದ್ದರೆ ಆ ವರ್ಷ ಊರಿನ ಎಷ್ಟು ಒಲೆಗಳು ಹೊತ್ತುತ್ತಿದ್ದವೋ ಗೊತ್ತಿಲ್ಲ. ಆದರೆ ಅದರ ಹಿಟ್ಟಿಗೆ ಜಿಗಿಯೇ ಇರಲಿಲ್ಲ. ಅಮ್ಮಿ ಎಷ್ಟು ಕುದಿನೀರು ಹಾಕಿ ಎಷ್ಟು ನಾದಿದರೂ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತಿತ್ತು, ಹಂಚಿಗೆ ಹಾಕುವಷ್ಟರಲ್ಲಿ ಮೂರು ತುಂಡು. ಊರೆಲ್ಲ ಮೆಚ್ಚುತ್ತಿದ್ದ ರೊಟ್ಟಿ ಅವಳದು. ಒಂದು ದಿನ ಹಿಟ್ಟಿನ ಪರಾತವನ್ನು ದೂರ ತಳ್ಳಿ ಅತ್ತೇಬಿಟ್ಟಳು. ಹಸಿವಿಗೆ ಅತ್ತವಳಲ್ಲ, ತನ್ನ ಕೈ ತನ್ನ ಮಾತು ಕೇಳುತ್ತಿಲ್ಲವೆಂದು ಅತ್ತದ್ದು.

ಚಾಚಾ ಮಾತ್ರ ಸಂತೋಷದಲ್ಲಿದ್ದ. ಸಂಜೆ ಚಹಾದ ಅಂಗಡಿಯ ರೇಡಿಯೋ ಕೇಳಿ ಬಂದು ಸುದ್ದಿ ಹೇಳುತ್ತಿದ್ದ. ಹಡಗು ಮುಂಬೈಗೆ ಬಂತಂತೆ, ಇನ್ನೊಂದು ಹೊರಟಿತಂತೆ. ಒಂದು ದಿನ ಮುಖ ಸಣ್ಣದು ಮಾಡಿಕೊಂಡು ಬಂದ. "ಮುಂದಿನ ಹಡಗ ತಡಾ ಆಗತೈತಂತ. ದಿಲ್ಲಿಯವ್ರ ಯಾವುದೋ ಲಡಾಯಿ ಬಗ್ಗೆ ಏನೋ ಅಂದಾರಂತ, ಅದು ಅಮೇರಿಕಾದವ್ರಿಗೆ ಸೇರಿಲ್ಲಂತ." ದಾದಿಮಾ ಎಲೆ ಅಡಿಕೆ ಕುಟ್ಟುತ್ತಿದ್ದಳು. "ದಿಲ್ಲಿಯಾಗ ಆಡಿದ ಮಾತಿಗೆ ಮಸಗುಪ್ಪ್ಯಾಗ ರೊಟ್ಟಿ ನಿಲ್ಲತಾವು ಅಂದಂಗಾತು," ಎಂದಳು. ಕೊಟ್ಟವ ಕೋಡಂಗಿ, ಇಸಗೊಂಡವ ವೀರಭದ್ರ ಎಂದು ನಮ್ಮ ಕಡೆ ಗಾದೆ. ದೇಶ ದೇಶಗಳ ನಡುವೆ ಅದು ತಿರುವುಮುರುವು ಆಗುತ್ತದೆಂದು ನಾನು ಎಲೆ ಅಡಿಕೆ ಕುಟ್ಟುವ ಕಲ್ಲಿನ ಪಕ್ಕ ಕೂತು ಕಲಿತೆ.

ಅಂಥದರಲ್ಲಿ ಹುಕ್ಕೇರಿಯಿಂದ ಜೈನಾಬಿ ಫೂಫಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತೇವೆಂದು ಹೇಳಿ ಕಳಿಸಿದರು. ಒಳ್ಳೆಯ ಮನೆ, ಕೈ ಬಿಡುವಂಥ ಸಂಬಂಧವಲ್ಲ. ಬಂದವರಿಗೆ ಏನು ಉಣ್ಣಿಸುವುದು? ಸೀಳಿದ ಕೆಂಪು ರೊಟ್ಟಿಯನ್ನು ಬೀಗರ ತಾಟಿಗೆ ಹೇಗೆ ಹಾಕುವುದು? ಚಾಚಾ ಒಳಕೋಣೆಯ ಕಡೆ ನೋಡಿದ. ಆಮೇಲೆ ನಾವೆಲ್ಲರೂ ನೋಡಿದೆವು. "ಆ ಗಡಿಗಿ ತಗೀಯೂನು, ಅಮ್ಮಾ. ಬೀಜಕ್ಕ ರೇಶನ್ ಜ್ವಾಳ ಐತೆಲ್ಲ, ಅದನ್ನ ಬಿತ್ತೂನು. ಅದೂ ಜ್ವಾಳನ, ಇದೂ ಜ್ವಾಳನ," ಎಂದ. "ನೀ ಹೆಸರಿಗೆ ರೈತ ಇದ್ದಂಗ, ಅದೂ ಬರೇ ಹೆಸರಿಗೆ ಜ್ವಾಳ," ಎಂದಳು ದಾದಿಮಾ. "ಒಲ್ಲದ ಗಂಡಗ ಮೊಸರಾಗ ಕಲ್ಲ ಅಂತ," ಎಂದು ಚಾಚಾ ಗೊಣಗಿದ. ಎರಡು ದಿನ ಮನೆಯಲ್ಲಿ ಇದೇ ಜಗಳ. ಮೂರನೆಯ ದಿನ ಮಾತೇ ಆಡದ ಅಬ್ಬಾ ಮಾತಾಡಿದ. "ಹುಡುಗಿ ಮಾನ ದೊಡ್ಡದು, ಅಮ್ಮಾ," ಎಂದ. ದಾದಿಮಾ ಫೂಫಿಯ ಮುಖ ನೋಡಿದಳು. ಫೂಫಿ ತಲೆ ತಗ್ಗಿಸಿದ್ದಳು. ದಾದಿಮಾ ಎದ್ದು ಹೋಗಿ ತಾನೇ ಗಡಿಗೆಯ ಬಾಯಿಯ ಸಗಣಿ ಬಿಡಿಸಿದಳು. ಯಾರಿಗೂ ಆ ಕೆಲಸ ಮುಟ್ಟಗೊಡಲಿಲ್ಲ.

ಗಿರಣಿಗೆ ಕೊಡುವ ಮೊದಲು ಅವಳು ಒಂದು ಸಣ್ಣ ಪಾಲನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ನಾಗನೂರಿನ ಸಿದ್ದಪ್ಪ ಕಾಕಾ ಆಗ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿದ್ದ. ಕುರಿಯ ಹಿಕ್ಕೆ ಹೊಲಕ್ಕೆ ಗೊಬ್ಬರ, ಅದಕ್ಕೆ ಪ್ರತಿಯಾಗಿ ಕುರುಬರಿಗೆ ಕಾಳು ಕೊಡುವುದು ಹಿಂದಿನಿಂದ ಬಂದ ರೂಢಿ. ದಾದಿಮಾ ನನ್ನನ್ನು ಕರೆದುಕೊಂಡು ಹೊಲಕ್ಕೆ ಹೋಗಿ ಸೆರಗಿನ ಗಂಟನ್ನು ಅವನ ಕಂಬಳಿಯೊಳಗೆ ಬಿಚ್ಚಿದಳು. "ಇದನ್ನ ತಿನಬ್ಯಾಡೋ ಸಿದ್ದಪ್ಪಾ. ನಿನ್ನ ತುಣುಕ ಹೊಲದಾಗ ಹಾಕು," ಎಂದಳು. ಕಾಕಾ ಯಾಕೆ ಎಂದು ಕೇಳಲಿಲ್ಲ. "ಆತ್ರಿ, ಆಯಿ," ಎಂದು ಕಂಬಳಿ ಮಡಚಿಟ್ಟ.

ಹುಕ್ಕೇರಿಯವರು ಗಾಡಿ ತುಂಬ ಬಂದರು, ಬಂದವರು ಎರಡು ದಿನ ಉಳಿದರು. ಅಮ್ಮಿಯ ಕೈ ಮತ್ತೆ ಅವಳ ಮಾತು ಕೇಳಿತು. ಚಂದ್ರನಂಥ ರೊಟ್ಟಿಗಳು ಹಂಚಿನ ಮೇಲೆ ಉಬ್ಬಿ ಉಬ್ಬಿ ಎದ್ದವು. ಬೀಗಿತ್ತಿ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಎಷ್ಟ ತಿಂಗಳಾತ್ರಿ ಇಂಥಾ ರೊಟ್ಟಿ ಕಂಡು!" ಎಂದಳು. ಸಂಬಂಧ ಕುದುರಿತು. ಗಡಿಗೆಯಲ್ಲಿ ಉಳಿದದ್ದನ್ನು, ಹೇಗೂ ಬಾಯಿ ತೆರೆದಿದೆಯಲ್ಲ ಎಂದು, ಮನೆಯವರೇ ತಿಂದು ಮುಗಿಸಿದೆವು. ನಾನೂ ತಿಂದೆ, ಬೆಣ್ಣೆ ಹಚ್ಚಿಕೊಂಡು. ಫೂಫಿ ಮಾತ್ರ ಆ ವಾರವೆಲ್ಲ ಕೆಂಪು ರೊಟ್ಟಿಯನ್ನೇ ತಿಂದಳು. ಕೇಳಿದರೆ, "ಆ ಬಿಳಿ ರೊಟ್ಟಿ ಕಂಡ್ರ ನನ್ನ ತಾಟಿನಾಗ ನಮ್ಮ ಹೊಲಾನ ಹಾಕ್ಯಾರ ಅನಸ್ತೈತಿ," ಎಂದಳು.

ಆ ವರ್ಷ ಮಳೆ ಹೊಡೆಯಿತು. ಚಾಚಾ ಕೂರಿಗೆ ಕಟ್ಟಿ ಕೆಂಪು ಜೋಳ ಬಿತ್ತಿದ. ಅದು ಎಂಥ ಅವಸರದಲ್ಲಿ ಬೆಳೆಯಿತೆಂದರೆ ನೋಡಲು ಜನ ಬರತೊಡಗಿದರು. ತೆನೆ ಮುಷ್ಟಿಗಾತ್ರ, ಕಾಳು ಒತ್ತೊತ್ತು. ಚಾಚಾ ಬದುವಿನ ಮೇಲೆ ನಿಂತು ಮೀಸೆ ತಿರುವಿದ. ಆದರೆ ಬೆಳೆ ಅವನ ಸೊಂಟದ ಹತ್ತಿರ ಬಂದು ನಿಂತುಬಿಟ್ಟಿತು. ನಮ್ಮ ಬಿಳಿಜೋಳವೆಂದರೆ ಒಳಗೆ ಹೊಕ್ಕ ಆಳು ಕಾಣಿಸಬಾರದು, ಅಷ್ಟು ಎತ್ತರ. ದಂಟಿನ ಮೇಲಿನದು ನಮಗೆ, ದಂಟು ದನಕ್ಕೆ. ಯಂತ್ರ ಕೊಯ್ಯಲೆಂದು ಗಿಡ್ಡಗೆ ಮಾಡಿದ ಜೋಳ ಅದೆಂದು ನಾನು ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ಆ ದೇಶದಲ್ಲಿ ಹೊಲ ಉಳುವ ಎತ್ತು ಇಲ್ಲ, ಎತ್ತಿಗೆ ಮೇವು ಬೇಕೆಂದು ಜೋಳಕ್ಕೆ ಹೇಗೆ ಗೊತ್ತಾಗಬೇಕು? ರಾಶಿಯೇನೋ ಆಯಿತು, ಆದರೆ ಹಿತ್ತಲಲ್ಲಿ ಮೇವಿನ ಬಣಿವೆ ಏಳಲಿಲ್ಲ. ಬೇಸಿಗೆ ಬರುವಷ್ಟರಲ್ಲಿ ನಮ್ಮ ಎರಡೂ ಎತ್ತುಗಳ ಪಕ್ಕೆಲುಬು ಎಣಿಸುವ ಹಾಗಾಯಿತು. ಮೂಡಲಗಿಯ ಸುತ್ತ ತಿರುಗಿ ಬಂದ ಚಾಚಾನಿಗೆ ಎಲ್ಲಿಯೂ ಕಣಕಿ, ಅಂದರೆ ಜೋಳದ ಒಣದಂಟು, ಸಿಗಲಿಲ್ಲ. ಅಬ್ಬಾ ಎತ್ತುಗಳನ್ನು ಮೂಡಲಗಿಯ ಸಂತೆಗೆ ಹೊಡೆದು ಮಾರುವುದೆಂದು ಹೇಳಿ, ಹಾಗೆ ಹೇಳಿದ ದಿನ ಊಟ ಮಾಡಲಿಲ್ಲ. ಎತ್ತು ಹೋದರೆ ಮುಂದೆ ಬಿತ್ತುವುದು ಹೇಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಸಂತೆಯ ಹಿಂದಿನ ದಿನ ನಾಗನೂರಿನಿಂದ ಒಂದು ಗಾಡಿ ಬಂತು. ಅದರ ಮೇಲೆ ಉದ್ದುದ್ದ ಕಣಕಿಯ ಸೂಡುಗಳು, ಸೂಡುಗಳ ಮೇಲೆ ಸಿದ್ದಪ್ಪ ಕಾಕಾ. ಚಾಚಾ ಊರೂರು ತಿರುಗಿ ಮೇವು ಕೇಳುತ್ತಿದ್ದ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಇಳಿದವನೇ ಕಂಬಳಿಯ ಗಂಟನ್ನು ದಾದಿಮಾಳ ಮುಂದೆ ಇಟ್ಟ. ಕೊಟ್ಟದ್ದಕ್ಕಿಂತ ಬಹಳ ಹೆಚ್ಚಿತ್ತು. "ತುಣುಕ ಹೊಲರಿ, ಆಯಿ. ಖರೆ, ಕುರಿ ಹಿಕ್ಕಿ ಚಲೋ ಬಿದ್ದಿತ್ತು," ಎಂದು ತಪ್ಪು ಮಾಡಿದವನ ಹಾಗೆ ಹೇಳಿದ. ದಾದಿಮಾ ಒಂದು ಕಾಳನ್ನು ಬಾಯಿಗೆ ಹಾಕಿ ಕಟಕ್ಕೆಂದು ಕಡಿದು ನೋಡಿದಳು. ಆಮೇಲೆ ಎಲ್ಲರೆದುರು, ಗಂಡಸರೆದುರೇ, ಗೊಳೋ ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆ ಒಂದು ಸಲ. ಚಾಚಾ ಯಾರೂ ಹೇಳದೆಯೇ ಸೂಡು ಇಳಿಸಿ ಎತ್ತುಗಳಿಗೆ ಹಾಕಿದ. ಅವು ತಿನ್ನುವ ಸದ್ದು ಸಂಜೆಯವರೆಗೂ ಕೇಳುತ್ತಿತ್ತು. ಮರುದಿನ ಅವು ಸಂತೆಗೆ ಹೋಗಲಿಲ್ಲ.

ಆ ಬೀಜ ಬಿತ್ತಿ ಬೆಳೆದ ಮುಂದಿನ ರಾಶಿಯ ನಂತರ ದಾದಿಮಾ ಮಾಡಿದ ಕೆಲಸ ಚಾಚಾನಿಗೆ ಹುಚ್ಚುತನವೆನಿಸಿತು. ಗಡಿಗೆ ತುಂಬುವ ಮೊದಲೇ ಅವಳು ಬೀಜ ಹಂಚತೊಡಗಿದಳು. ಸಿದ್ದಪ್ಪ ಕಾಕಾನ ಮನೆಗೆ, ಫೂಫಿ ಸೊಸೆಯಾಗಿ ಹೋದ ಹುಕ್ಕೇರಿಯ ಮನೆಗೆ, ಅರಭಾವಿಯ ದಾರಿಯಲ್ಲಿ ಹೊಲವಿದ್ದ ಒಬ್ಬರಿಗೆ. ಕಡೆಗೆ ಬದುವಿನ ಜಗಳದಿಂದ ನಮ್ಮ ಜೊತೆ ಮಾತು ಬಿಟ್ಟಿದ್ದ ಪಕ್ಕದ ಮನೆಗೂ! "ಇದ್ದದ್ದೆಲ್ಲಾ ಮಂದಿಗೆ ಕೊಟ್ಟ, ನಾಳೆ ಮತ್ತ ಅವ್ರ ಬಾಗಲಾ ಬಡೀಬೇಕೇನ?" ಎಂದು ಚಾಚಾ ಕೇಳಿದ. "ಬಡೀಬೇಕಾಗತೈತಿ. ಅವ್ರೂ ನಮ್ಮ ಬಾಗಲಾ ಬಡೀತಾರ. ಹಡಗ ತಂದಾಂವನ ಬಾಗಲಾ ಎಲ್ಲೈತಿ ಹೇಳು, ಬಡ್ಯಾಕ?" ಎಂದಳು. ಊರವರು ಆಗಲೇ ಚಾಚಾನಿಗೆ ಅಮೇರಿಕಾ ಚಾಚಾ ಎಂದು ಹೆಸರಿಟ್ಟಾಗಿತ್ತು, ಸಾಯುವವರೆಗೂ ಅದು ಅವನನ್ನು ಬಿಡಲಿಲ್ಲ. ಕೆಲವು ವರ್ಷಗಳ ಮೇಲೆ ಅವನೇ ರೇಡಿಯೋ ಕೇಳಿ ಓಡಿ ಬಂದು, ಹಡಗು ನಿಂತವು ಎಂದು ಹೇಳಿದ. "ಅವ್ರ ನಿಲ್ಲಿಸಿದ್ರೋ, ನಾವ ಸಾಕಂದಿವೋ?" ಎಂದು ಕೇಳಿದಳು ದಾದಿಮಾ. "ನಾವ ಸಾಕಂದಿವಂತ." ಅವಳು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಹಂಗಾರ ಚಲೋ ಆತು," ಎಂದಳು. ಒಂದು ದೇಶ ಎದ್ದು ನಿಂತ ಸುದ್ದಿಗೆ ನಮ್ಮ ಮನೆಯಲ್ಲಿ ಆದ ಸಂಭ್ರಮ ಇಷ್ಟೇ.

ಈಗ ಆ ಮನೆ ಇಲ್ಲ. ಹೊಲಕ್ಕೆ ಕಾಲುವೆ ನೀರು ಬಂದು ಕಬ್ಬು ನಿಂತಿದೆ, ನಮ್ಮವರೇ ಹಚ್ಚಿದ್ದು, ಅದಕ್ಕೆ ನನ್ನ ತಕರಾರಿಲ್ಲ. ಆದರೂ ಬಸ್ಸಿನಲ್ಲಿ ಅರಭಾವಿಯ ಕಡೆ ಹೋಗುವಾಗ ಕಬ್ಬಿನ ನಡುವೆ ಎಲ್ಲಾದರೂ ಎತ್ತರದ ಬಿಳಿಜೋಳ ಕಂಡರೆ ಕಿಟಕಿಗೆ ಹಣೆ ಹಚ್ಚಿ ನೋಡುತ್ತೇನೆ. ಯಾರ ಮನೆಯ ಬೀಜವೋ! ಬಾಜೂ ಕೂತ ಕಾಲೇಜು ಹುಡುಗಿಯರು ಅಜ್ಜಿಗೆ ನಿದ್ದೆ ಬಂದಿದೆ ಎಂದುಕೊಳ್ಳುತ್ತಾರೆ.

ದಾದಿಮಾ ತೀರಿಕೊಂಡದ್ದು ಬಿತ್ತನೆಯ ದಿನಗಳಲ್ಲಿ. ನೆಲ ಹದವಾಗಿತ್ತು, ಸುತ್ತಲಿನ ಊರುಗಳಲ್ಲೆಲ್ಲ ಕೂರಿಗೆ ಹೂಡಿದ್ದರು, ಆದರೂ ಕೂರಿಗೆ ಬಿಟ್ಟು ಜನ ಬಂದರು. ಮಣ್ಣು ಕೊಟ್ಟಾದ ಮೇಲೆ ಅಬ್ಬಾ ಎಲ್ಲರಿಗೂ ಕೈಮುಗಿದು, "ಹಸಿ ಆರತೈತಿ, ಹೋಗಿ ಬಿತ್ರಿ," ಎಂದನಂತೆ. ಅವರು ಖಬರಸ್ತಾನದಿಂದ ಸೀದಾ ಹೊಲಗಳಿಗೆ ಹೋದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೇರೆ ಮನೆಗಳಿಂದ ಊಟ ಬರಬೇಕು. ಸಂಜೆಗೆ ಪಕ್ಕದ ಮನೆಯವರು ರೊಟ್ಟಿ ತಂದರು. ಹುಕ್ಕೇರಿಯಿಂದ ಬಂದ ಫೂಫಿಯ ಅತ್ತೆ ಬುತ್ತಿ ಕಟ್ಟಿಕೊಂಡೇ ಬಂದಿದ್ದಳು. ನಾಗನೂರಿನಿಂದ ಸಿದ್ದಪ್ಪ ಕಾಕಾನ ಹೆಂಡತಿ ಬಾಳವ್ವ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದು ಬಂದಳು. ಬಿಳಿಯ ರೊಟ್ಟಿಗಳು ಚಾಪೆಯ ಮೇಲೆ ಒಂದರ ಮೇಲೊಂದು ಕೂತವು. ಯಾರೂ ಕೈ ಹಾಕಲಿಲ್ಲ. ಅಮ್ಮಿ ಸಂಕೋಚದಿಂದ, "ಇಷ್ಟೊಂದು ಯಾಕ ತಂದ್ರಿ, ಬಾಳವ್ವ?" ಎಂದಳು. ಬಾಳವ್ವ ಒಂದು ರೊಟ್ಟಿ ಮುರಿದು ಮೊದಲ ತುಂಡನ್ನು ಮೂಲೆಯಲ್ಲಿ ಕೂತಿದ್ದ ಚಾಚಾನ ಕೈಗೆ ಇಟ್ಟಳು.

"ನಾವೇನ ತಂದೇವ್ರಿ? ನಿಮ್ಮ ಮನೀದ ಐತಿ ಇದು. ನಾವು ಬರೇ ಬಡದ ತಂದೇವಿ."