ಸೆರಗಿಗೊಂದು ಕೈ, ಹ್ಯಾಂಡಲ್ಲಿಗೊಂದು ಕೈ

ಸಾರವಾಡದ ಹೊಲದ ವಸ್ತಿಯ ಬೋರವ್ವ ಸೈಕಲ್ ಕಲಿತದ್ದು ಮಗಳು ಭಾಗ್ಯಾ ಕಾಲೇಜು ಸೇರಿದ ಮೇಲೆ. ಅಲ್ಲಿಯವರೆಗೆ ಅವಳಿಗೆ ಗೊತ್ತಿದ್ದ ಸವಾರಿಯೆಂದರೆ ಚಕ್ಕಡಿಯ ಹಿಂದೆ ಕಾಲು ಇಳಿಬಿಟ್ಟು ಕೂರುವುದು. ಗಂಡ ಮಲ್ಲಿನಾಥ ವರ್ಷದ ಬಹುಪಾಲು ಕುರಿಗಳ ಹಿಂದೆ ಊರೂರು ತಿರುಗುವವನು. ಮನೆಯಲ್ಲಿ ಉಳಿದವರು ಅವಳು, ಮಗಳು, ಮಾವ ಬೀರಣ್ಣ, ಮತ್ತು ಯಾರ ಮಾತನ್ನೂ ಕೇಳದ ಒಂದು ಎಮ್ಮೆ.

ಕಾಲೇಜಿರುವ ಬಬಲೇಶ್ವರಕ್ಕೆ ಹೋಗುವ ಬಸ್ಸು ಊರಿನಿಂದ ಬೆಳಗ್ಗೆ ಬೇಗ ಹೊರಡುತ್ತದೆ. ವಸ್ತಿಯಿಂದ ಊರಿಗೆ ಜಾಲಿಕಂಟಿಗಳ ನಡುವಿನ ಉದ್ದದ ದಾರಿ. ನಡೆದು ಹೋದರೆ ಬಸ್ಸು ತಪ್ಪುತ್ತಿತ್ತು. ಕೊನೆಗೆ ವಿಜಯಪುರದ ಒಂದು ಸಂಸ್ಥೆಯವರು ಭಾಗ್ಯಾಳಿಗೊಂದು ಸೈಕಲ್ ಕೊಟ್ಟರು. ಅದನ್ನು ಸುತ್ತಲೂ ನೋಡಿ, ಟಯರು ಒತ್ತಿ, ಗಂಟೆ ಬಾರಿಸಿ ಬೀರಣ್ಣ ಮೊಮ್ಮಗಳಿಗೆ ಹೇಳಿದ:

“ಚಲೋ ಐತಿ ಯವ್ವಾ. ಆದ್ರ ಆ ಕಂಟ್ಯಾಗ ನೀ ಒಬ್ಬಾಕೀನ ಹೋಗೂದು ಬ್ಯಾಡ. ಜೋಡಿ ಯಾರರ ಇದ್ರ ಹೋಗು, ಇಲ್ಲಾಂದ್ರ ಸಾಲಿ ಸಾಕು.”

ಮಾವ ಸೊಸೆಯೊಡನೆ ನೇರವಾಗಿ ಮಾತಾಡುವ ರೂಢಿಯಿಲ್ಲ. ಆದರೂ ಆ ಮಾತು ಯಾರಿಗೆಂದು ಒಲೆಯ ಮುಂದಿದ್ದ ಬೋರವ್ವನಿಗೆ ತಿಳಿಯಿತು.

ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಹೊಲಿಯುವ ಹಸೀನಾ ಸ್ಕೂಟಿ ಕೊಂಡಿದ್ದರಿಂದ ಅವಳ ಹಳೆಯ ಸೈಕಲ್ ಖಾಲಿ ಇತ್ತು. ಅದನ್ನು ಬೋರವ್ವನಿಗೆ ಕೊಟ್ಟವಳೂ ಕಲಿಸಿದವಳೂ ಅವಳೇ. ಸಂಜೆ ರಾಶಿ ಮಾಡುವ ಕಣದಲ್ಲಿ ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದಳು.

“ಮುಂದ ನೋಡಬೇ! ಗಾಲಿ ಏನ ನೋಡ್ತಿ, ಅದೇನ ಓಡಿ ಹೋಗ್ತೈತೇನು?”

“ಕೈ ಬಿಟ್ಟೀಯೇನ ಹಸೀನಾ?”

“ಯಾವಾಗೋ ಬಿಟ್ಟೀನಿ!”

ಆ ಮಾತು ಕೇಳಿದ್ದೇ ತಡ, ಬೋರವ್ವ ಜೋಳದ ಕಣಿಕೆಯ ಬಣವೆಯೊಳಗೆ. ಆದರೆ ಕಲಿತಳು. ತಾಯಿ ಮಗಳು ಒಟ್ಟಿಗೆ ಹೊರಟ ಮೊದಲ ದಿನ ಜಾಲಿಕಂಟಿಗಳು ಎರಡೂ ಬದಿ ಹಿಂದಕ್ಕೆ ಸರಿಯುವುದನ್ನು ನೋಡಿ ಅವಳಿಗೆ ಸುಮ್ಮನೆ ನಗು ಬಂತು.

ಊರ ಅಗಸಿಬಾಗಿಲ ಹತ್ತಿರ ದಾರಿ ಇಳಿಜಾರು. ಅಗಸಿಯ ಕಟ್ಟೆಯ ಮೇಲೆ ಹಿರಿಯರು. ಅವರ ನಡುವೆ, ನಸುಕಿನಲ್ಲೇ ಚಹಾಕ್ಕೆಂದು ಊರಿಗೆ ಬಂದಿದ್ದ ಮಾವ. ಕಂಡದ್ದೇ ಬೋರವ್ವನ ಬಲಗೈ ತಾನಾಗಿ ಹ್ಯಾಂಡಲ್ ಬಿಟ್ಟು ಸೆರಗಿಗೆ ಹೋಯಿತು. ತಲೆಯ ಮೇಲೆ ಸೆರಗು ಬಂತು. ಸೈಕಲ್ ಅಡ್ಡ ತಿರುಗಿ ಅವಳನ್ನು ಕಟ್ಟೆಯ ಮುಂದೆಯೇ ಕೆಡವಿತು. ಬಿದ್ದಾಗಲೂ ಸೆರಗು ತಲೆಯ ಮೇಲೇ ಇತ್ತು.

“ಏ ಬೀರಣ್ಣಾ, ನಿನ್ನ ಸೊಸಿ ದೀಡ ನಮಸ್ಕಾರ ಹಾಕಾಕ ಬಂದಾಳ ನೋಡೋ!” ಎಂದ ಬಸಗೊಂಡಪ್ಪ. ಕಟ್ಟೆಯೆಲ್ಲ ನಕ್ಕಿತು. ಬೀರಣ್ಣ ನಗಲಿಲ್ಲ. ಬಸ್ಸು ಹೋಯಿತು.

“ಸೆರಗು ಬಿದ್ರ ಬೀಳ್ಲಿ ಬಿಡಬೇ ಯವ್ವಾ,” ಎಂದು ಭಾಗ್ಯಾ ಮರಳುವ ದಾರಿಯುದ್ದಕ್ಕೂ ಸಿಡುಕಿದಳು.

“ನಾ ಬಿಡ್ತೀನಿ, ಕೈ ಬಿಡೂದಿಲ್ಲಲ್ಲ. ಏನ ಮಾಡ್ಲಿ?”

ಸಂಜೆ ಸೆರಗಿಗೆ ಪಿನ್ ಚುಚ್ಚಿ ಕಣದಲ್ಲಿ ಓಡಿಸಿ ನೋಡಿದಳು. ಮಾವ ಎದುರಿಗಿದ್ದಾನೆಂದು ನೆನೆದರೆ ಸಾಕು, ಕೈ ಎದ್ದೇ ಬಿಡುತ್ತಿತ್ತು. ಇಳಿಜಾರಿಗೆ ಮೊದಲೇ ಸೈಕಲ್ ಇಳಿದು ನಡೆದರೆ ಬಸ್ಸು ಸಿಗದು. ‘ಸಾಲಿ ಸಾಕು’ ಎಂಬ ಮಾತು ಈಗ ಬರುತ್ತದೆ, ಆಗ ಬರುತ್ತದೆ ಎಂದು ರೊಟ್ಟಿ ಬಡಿಯುತ್ತಲೇ ಕಾದಳು. ಬೀರಣ್ಣ ಉಂಡು ಕೈ ತೊಳೆದು ಮೊಮ್ಮಗಳನ್ನು ಕೇಳಿದ್ದು ಒಂದೇ: “ನಿಮ್ಮವ್ವನ ಮೊಣಕಾಲಿಗೆ ಅರಿಶಿಣ ಹಚ್ಚೀಯೇನು?”

ಮರುದಿನ ಇಳಿಜಾರು ಬಂದಾಗ ಬೋರವ್ವ ಹ್ಯಾಂಡಲ್ ಬಿಗಿಹಿಡಿದಳು. ತಲೆ ಎತ್ತಿದಳು. ಕಟ್ಟೆಯ ಮೇಲೆ ಮಾವನ ಮುಖ ಕಾಣಲಿಲ್ಲ. ಕಂಡದ್ದು ಕರಿ ಕಂಬಳಿ ಹೊದ್ದ ಬೆನ್ನು. ಬೀರಣ್ಣ ದಾರಿಗೆ ಬೆನ್ನು ಮಾಡಿ, ಅಗಸಿಯ ಗೋಡೆ ನೋಡುತ್ತ ಕೂತಿದ್ದ.

“ಯಾಕೋ, ಗ್ವಾಡಿ ಮ್ಯಾಲ ಸಿನಿಮಾ ಹತ್ತೇತೇನು?” ಎಂದ ಬಸಗೊಂಡಪ್ಪ.

“ಹೂಂ. ನೀನೂ ಹೊಳ್ಳಿ ಕುಂದ್ರು, ಕಾಣ್ತೈತಿ.”

ಬಸಗೊಂಡಪ್ಪ ಗೊಣಗಿಕೊಂಡು, ಚಹಾದ ಕಪ್ಪುಬಸಿ ಹಿಡಿದೇ ಗೋಡೆಯತ್ತ ಹೊಳ್ಳಿ ಕೂತ. ಅವನ ಪಕ್ಕದವನೂ ಹೊಳ್ಳಿದ.

ಬೋರವ್ವನ ಎರಡೂ ಕೈ ಹ್ಯಾಂಡಲ್ ಮೇಲೇ ಉಳಿದವು. ಸೆರಗು ಭುಜಕ್ಕೆ ಜಾರಿತು, ಕೂದಲಿಗೆ ಗಾಳಿ ತಾಗಿತು. ಮಗಳ ಹಿಂದೆಯೇ ಅಗಸಿ ದಾಟಿದಳು.

“ಹೋದ್ರೇನೋ?” ಮಾವನ ದನಿ ಹಿಂದಿನಿಂದ ಕೇಳಿತು.

“ಹೋಗ್ಯಾರ. ಹೊಳ್ಳು ಇನ್ನ, ಚಾ ಆರಾಕತ್ತೇತಿ.” ಅದು ಬಸಗೊಂಡಪ್ಪನ ದನಿ.

ಬಸ್ಸು ಇನ್ನೂ ನಿಂತಿತ್ತು.