ಬೆಂಚು ಖಾಲಿಯಾಗುವ ಮುನ್ನ

ಭಾವಮೈದುನನ ಶವಪೆಟ್ಟಿಗೆಗೆ ಹೆಗಲು ಕೊಟ್ಟು ನಿಂತಿದ್ದ ವರ್ಲಿನ್, ಪಾದ್ರಿ ‘ನಿತ್ಯಜೀವ’ ಎನ್ನುತ್ತಿದ್ದ ಹಾಗೇ ಗಣಿಬಾಯಿಯಷ್ಟು ಬಾಯಿ ತೆರೆದು ಆಕಳಿಸಿದ. ಒಂದಲ್ಲ, ಸಾಲಾಗಿ ಐದು. ಜೊತೆಗೆ ಮೂಗು ಬೇರೆ ಸುರಿಯಿತು. ಬೇರೆ ಊರಾಗಿದ್ದರೆ ನಿದ್ದೆಗೆಟ್ಟಿದ್ದಾನೆ ಪಾಪ ಅನ್ನುತ್ತಿದ್ದರು. ವೆಸ್ಟ್ ವರ್ಜೀನಿಯಾದ ಈ ಕಲ್ಲಿದ್ದಲ ಕಣಿವೆಯಲ್ಲಿ ಮಕ್ಕಳಿಗೂ ಗೊತ್ತು, ನೋವಿನ ಮಾತ್ರೆ ತಪ್ಪಿದವನಿಗೆ ಮೊದಲು ಬರುವುದು ಆಕಳಿಕೆ. ತಪ್ಪಬೇಕಾದರೆ ತಿನ್ನುತ್ತಿರಬೇಕಲ್ಲ!

ಹೆಂಡತಿ ಒನೀಡಾ ಮನೆಗೆ ಬಂದವಳೇ ಸೂಟ್‌ಕೇಸ್ ತುಂಬಿದಳು.

“ಬಿಟ್ಟಿದ್ದೀನಿ ಅಂತ ಬೈಬಲ್ ಮುಟ್ಟಿ ಹೇಳಿದ್ಯಲ್ಲೋ! ನನ್ ತಮ್ಮನ್ನ ಮಣ್ಣಿಗೆ ಕಳ್ಸಿದ್ದೂ ಅದೇ ಮಾತ್ರೆ. ಕ್ಲಿನಿಕ್ಕಿಗೆ ಹೋಗಿ ಚಟ ಬಿಡಿಸೋ ಔಷಧಿ ಶುರು ಮಾಡು. ಭಾನುವಾರ ಚರ್ಚ್ ಮುಗಿಸ್ಕೊಂಡು ಬರ್ತೀನಿ. ನೆಟ್ಟಗಿದ್ರೆ ಸೂಟ್‌ಕೇಸ್ ಕಾರಿಂದ ಇಳಿಯುತ್ತೆ. ಇಲ್ದಿದ್ರೆ ಅಕ್ಕನ ಮನೇಲೇ ಇದ್ಬಿಡ್ತೀನಿ.”

ಗಣಿಯ ಚಾವಣಿ ಬೆನ್ನ ಮೇಲೆ ಕುಸಿದ ವರ್ಷ ಡಾಕ್ಟರೇ ಬರೆದುಕೊಟ್ಟಿದ್ದ ಮಾತ್ರೆ. ನೋವು ಎಂದೋ ಹೋಗಿತ್ತು, ಮಾತ್ರೆ ಮಾತ್ರ ಹೋಗಿರಲಿಲ್ಲ.

ಕ್ಲಿನಿಕ್ಕಿನ ನರ್ಸ್ ಟ್ವೈಲಾ ಅವನ ಶಾಲೆಯ ಜೊತೆಗಾತಿ. ನಾಲಿಗೆಯಡಿ ಇಡುವ ತೆಳು ಹಾಳೆಯಂಥ ಔಷಧಿ ಕೊಟ್ಟು ಹೇಳಿದಳು: “ಕೇಳಿಲ್ಲಿ. ನರದಲ್ಲಿ ಗ್ರಾಹಕಗಳು ಅಂತ ಇರ್ತವೆ. ಚರ್ಚಿನ ಬೆಂಚು ಅಂದ್ಕೊ. ಇಷ್ಟು ವರ್ಷ ಅಲ್ಲಿ ಮಾತ್ರೆ ಕೂತಿತ್ತು. ಈಗ ಅದು ಎದ್ದುಹೋದ್ರೆ ಬೆಂಚುಗಳೇ ಅಳಕ್ಕೆ ಶುರುಮಾಡ್ತವೆ. ಆ ಅಳುವೇ ನಿನ್ನ ಚಳಿ, ಭೇದಿ, ಆಕಳಿಕೆ ಎಲ್ಲ.”

“ಈ ಔಷಧಿ ಕೂತ್ರೆ ಸುಮ್ನಾಗ್ತವಾ?”

“ಆಗ್ತವೆ. ಆದ್ರೆ ಇದು ಒರಟು ಆಸಾಮಿ. ಬೆಂಚು ತುಂಬಿರೋವಾಗ ಒಳಗೆ ಬಂದ್ರೆ ಕೂತಿರೋರನ್ನೆಲ್ಲ ಒಂದೇ ಸಲ ಆಚೆ ದಬ್ಬುತ್ತೆ, ಬೆಂಚುಗಳೆಲ್ಲ ಒಟ್ಟಿಗೇ ಅಳ್ತವೆ. ಅದ್ಕೇ ಕೊನೇ ಮಾತ್ರೆ ಆದ್ಮೇಲೆ ಪೂರ್ತಿ ಒಂದು ದಿನ ಕಾಯಿ. ಚಳಿಗೆ ಮೈಯೆಲ್ಲ ಪುಕ್ಕ ಕಿತ್ತ ಕೋಳಿ ಥರ ಗುಳ್ಳೆ ಏಳ್ಬೇಕು, ಆಮೇಲೆ ಇಟ್ಕೊ.”

“ಚೆನ್ನಾಗಾಗಕ್ಕೆ ಮೊದ್ಲು ಚೆನ್ನಾಗಿ ಕೆಡ್ಬೇಕು ಅನ್ನು!”

“ಶಾಲೇಲೂ ಹೀಗೇ ಹಲ್ಲು ಕಿಸಿದೇ ಫೇಲಾದೆ ನೀನು.”

ಶನಿವಾರ ರಾತ್ರಿಯೂಟದ ಮೇಲೆ ವರ್ಲಿನ್ ಕೊನೆಯ ಮಾತ್ರೆ ನುಂಗಿದ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮೈಮೇಲೆ ಒಂದು ಗುಳ್ಳೆಯೂ ಎದ್ದಿರಲಿಲ್ಲ. ಆದರೂ ಹಾಳೆಯನ್ನು ನಾಲಿಗೆಯಡಿ ಇಟ್ಟುಕೊಂಡ.

ನರಕ್ಕೂ ನರಕಕ್ಕೂ ಅಂತರ ಎಷ್ಟು ಕಡಿಮೆ ಎಂದು ಅರ್ಧ ಗಂಟೆಯಲ್ಲಿ ತಿಳಿಯಿತು. ಮೂಳೆಗಳೊಳಗೆ ಯಾರೋ ಗರಗಸ ಎಳೆದಂತಾಯಿತು. ವಾಂತಿ, ಬೆವರು, ನಡುಕ ಸರದಿಗೂ ಕಾಯದೆ ಒಟ್ಟಿಗೇ ನುಗ್ಗಿದವು. ಮಧ್ಯಾಹ್ನ ಒನೀಡಾ ಬಂದಾಗ ಅವನು ಬಚ್ಚಲ ನೆಲದಲ್ಲಿ ಕೆನ್ನೆಯೂರಿ ಬಿದ್ದಿದ್ದ.

ಮಾತ್ರೆಯದೇ ಕೆಲಸ ಎಂದುಕೊಂಡು ಅವಳು ವಾಪಸ್ ಹೊರಡಲು ತಿರುಗಿದಳು. ಅಷ್ಟರಲ್ಲಿ ಔಷಧಿಯ ಹರಿದ ಪೊಟ್ಟಣ ಕಂಡಿತು. ನಿಂತಳು. ಟ್ವೈಲಾಳಿಗೆ ಫೋನು ಮಾಡಿ ವಿಷಯ ತಿಳಿದುಕೊಂಡು, ಒದ್ದೆ ಬಟ್ಟೆ ತಂದು ಅವನ ಹಣೆ ಒರೆಸಿದಳು. ಕಾರಿನ ಕೀ ಇನ್ನೂ ಬೆರಳಲ್ಲೇ ಇತ್ತು.

“ಪೂರ್ತಿ ಒಂದು ದಿನ ಕಾಯಕ್ಕೆ ಹೇಳಿದ್ಲಂತಲ್ಲ,” ಅಂದಳು ಮೆತ್ತಗೆ. “ನಾನು ಬರೋ ಹೊತ್ತಿಗೆ ನೆಟ್ಟಗಿರ್ಬೇಕು ಅಂತ ತಾನೇ ಇಷ್ಟು ಅವಸರ ಮಾಡಿದ್ದು?”

ಹೂಂ ಅಂದಿದ್ದರೆ ಸಾಕಿತ್ತು. ವರ್ಲಿನ್ ಪ್ರಾಮಾಣಿಕವಾಗಿ ಯೋಚಿಸಿದ.

“ಇಲ್ಲ ಕಣೇ,” ಅಂದ, “ಕಾಲು ಸೆಳೀತಿತ್ತು, ತಡ್ಕೊಳ್ಳಕ್ಕಾಗ್ಲಿಲ್ಲ. ನೀನು ಬರೋದು ಮರ್ತೇಹೋಗಿತ್ತು.”